ನೋಟ್ಸು ಪುಸ್ತಕ ಗುಜರಿಗೆ ಹಾಕುವ ಮೊದಲು

ಮಾರ್ಚ್ ಕೊನೆಗೆ ಪರೀಕ್ಷೆ ಮುಗಿಯಿತೆಂದರೆ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ನಮ್ಮ ಮನೆಗಳಲ್ಲಿ ಮೊದಲು ಆಗುವ ಕೆಲಸ ಶಾಲೆಯ ಚೀಲ ಕೊಡವುವುದು. ಚೀಲ ತೊಳೆದು ಬಿಸಿಲಿಗೆ, ಪುಸ್ತಕಗಳೆಲ್ಲ ಹಗ್ಗದಲ್ಲಿ ಕಟ್ಟಾಗಿ ಜಗಲಿಯ ಮೂಲೆಗೆ. ಗುಜರಿಯವರ ಗಾಡಿ ಬಂದ ದಿನ ಹತ್ತು ತಿಂಗಳ ಬರಹ ಕಿಲೋ ಲೆಕ್ಕದಲ್ಲಿ ಹೋಗುತ್ತದೆ. ಆ ಹಣದಲ್ಲಿ ಮಕ್ಕಳಿಗೊಂದು ಐಸ್‌ಕ್ರೀಮ್ ಸಿಕ್ಕಿದರೆ ಅಲ್ಲಿಗೆ ಶಾಲಾ ವರ್ಷ ಮುಗಿಯಿತು.

ನನ್ನ ಉಪ್ಪನದು ದಿನಸಿ ಅಂಗಡಿ. ಎಲ್ಲದಕ್ಕೂ ಪ್ಲಾಸ್ಟಿಕ್ ತೊಟ್ಟೆ ಬರುವ ಮೊದಲು ಈ ಕಟ್ಟುಗಳಲ್ಲಿ ಎಷ್ಟೋ ನಮ್ಮ ಅಂಗಡಿಗೇ ಬರುತ್ತಿದ್ದವು. ಹಾಳೆ ಹರಿದು ಜೀರಿಗೆ, ಕೊತ್ತಂಬರಿ, ಸಾಸಿವೆ ಪೊಟ್ಟಣ ಕಟ್ಟುತ್ತಿದ್ದೆವು. ಕೈ ಕಟ್ಟುತ್ತಿದ್ದರೆ ಕಣ್ಣು ಓದುತ್ತಿತ್ತು. ಊರಿನ ಯಾವ ಹುಡುಗನ ಅಕ್ಷರ ದುಂಡಗೆ, ಯಾರು ಭಾಗಾಕಾರದಲ್ಲಿ ಎಡವುತ್ತಾರೆ, ಯಾರು ಭೂಪಟಕ್ಕೆ ಎರಡು ಬಣ್ಣ ಹೆಚ್ಚು ಹಾಕಿದ್ದಾರೆ ಎಲ್ಲ ಗೊತ್ತಾಗುತ್ತಿತ್ತು. ಟೀಚರ ಕೆಂಪು ಶಾಯಿ ಎಲ್ಲ ಪುಸ್ತಕದಲ್ಲೂ ಇರುತ್ತಿತ್ತು. ಮನೆಯವರು ಒಮ್ಮೆಯಾದರೂ ಬಿಡಿಸಿ ನೋಡಿದ ಗುರುತು, ಒಂದು ಸಹಿ, ಒಂದು ಗೆರೆ, ಇದ್ದ ಪುಸ್ತಕ ತೀರ ಅಪರೂಪ. ಪೊಟ್ಟಣ ಹೋಗಿ ತೊಟ್ಟೆ ಬಂತು, ಆದರೆ ಈ ಒಂದು ವಿಷಯ ಹೆಚ್ಚು ಬದಲಾಗಿಲ್ಲ.

ವರ್ಷದ ಕೊನೆಗೆ ನಾವು ಪ್ರೋತ್ಸಾಹ ಎಂದು ಕರೆಯುವುದು ಬಹುಪಾಲು ಗ್ರೇಡಿಗೆ ಕೊಡುವ ಬಹುಮಾನ. ಮಗು ಏನು ಕಲಿತಿತು ಎಂಬುದು ಮನೆಗೆ ಗೊತ್ತಿರುವುದಿಲ್ಲ. ಅದಕ್ಕಿಂತ ದೊಡ್ಡ ವಿಷಯ, ಆ ಕಲಿಕೆಯಿಂದ ಮನೆಗೆ ಏನೂ ಆಗಬೇಕಾಗಿಯೂ ಇಲ್ಲ. ತಾನು ಕಲಿತದ್ದು ತನ್ನ ಮನೆಯ ಯಾರಿಗೂ ಬೇಡ ಎಂದು ಹತ್ತು ವರ್ಷ ಕಂಡ ಹುಡುಗ ಹನ್ನೊಂದನೆಯ ವರ್ಷ ಓದು ಬಿಟ್ಟರೆ ಆಶ್ಚರ್ಯ ಏನಿದೆ?

ಫ್ಲೆಕ್ಸಿನ ಮಾತು ತೆಗೆಯದೆ ಇದನ್ನು ಹೇಳಲಿಕ್ಕೆ ಆಗುವುದಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಎರಡು ದಿನಕ್ಕೆ ತಲಪಾಡಿಯಿಂದ ದಕ್ಷಿಣಕ್ಕೆ ರಸ್ತೆ ಬದಿಯಲ್ಲಿ ಮಕ್ಕಳ ಮುಖಗಳು ಏಳುತ್ತವೆ, 'ಫುಲ್ ಎ ಪ್ಲಸ್'. ಕ್ಲಬ್ಬಿನದೊಂದು, ಪಕ್ಷದ್ದೊಂದು, ಕುಟುಂಬದ ವಾಟ್ಸಾಪ್ ಗುಂಪಿನದೊಂದು. ಆ ಮಕ್ಕಳ ಶ್ರಮದ ಬಗ್ಗೆ ನನಗೆ ತಕರಾರಿಲ್ಲ. ಹತ್ತು ಪೇಪರಿನಲ್ಲೂ ಶೇಕಡ 90 ದಾಟುವುದು ಸಣ್ಣ ಕೆಲಸ ಅಲ್ಲ. ಆದರೆ ನಮ್ಮ ಗ್ರೇಡಿನ ಏಣಿಯಲ್ಲಿ ಎ ಪ್ಲಸ್‌ನಿಂದ ಇ ವರೆಗೆ ಒಂಬತ್ತು ಮೆಟ್ಟಿಲುಗಳಿವೆ. ಫ್ಲೆಕ್ಸಿಗೆ ಕಾಣುವುದು ಮೇಲಿನ ಒಂದೇ ಮೆಟ್ಟಿಲು. ಒಂಬತ್ತು ಎ ಪ್ಲಸ್ ಬಂದು ಒಂದು ವಿಷಯದಲ್ಲಿ 89ಕ್ಕೆ ನಿಂತ ಹುಡುಗಿ ಅದರಲ್ಲಿ ಇಲ್ಲ. ವರ್ಷದ ಸುರುವಿಗೆ ಗಣಿತದಲ್ಲಿ ಡಿ ಇದ್ದು ಕೊನೆಗೆ ಬಿ ಗೆ ಏರಿದ ಹುಡುಗ ಇಲ್ಲವೇ ಇಲ್ಲ. ಏರಿದ ಎತ್ತರ ನೋಡಿದರೆ ಅವನೇ ಹೆಚ್ಚು ಏರಿದ್ದು. ಊರು ಅವನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಸರಿ, ಊರಿಗೆ ಅವನ ಸುರುವಿನ ಡಿ ಗೊತ್ತಿಲ್ಲ. ಮನೆಗೆ ಗೊತ್ತಿರಬೇಕಲ್ಲ?

ನಮ್ಮ ಮಕ್ಕಳಿಗೆ ಇದು ವರ್ಷಕ್ಕೆ ಎರಡು ಸಲ. ಶಾಲೆಯ ವರ್ಷ ಮಾರ್ಚಿಗೆ ಮುಗಿದರೆ ಮದ್ರಸದ ವರ್ಷ ಶಅಬಾನ್ ತಿಂಗಳಿಗೆ. ಹಿಜರಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತಾ ಹೋಗುವುದರಿಂದ ಈಚಿನ ಕೆಲವು ವರ್ಷ ಎರಡೂ ಪರೀಕ್ಷೆ ಹತ್ತಿರ ಹತ್ತಿರ ಬಿದ್ದವು, ಶಾಲೆಯ ಪರೀಕ್ಷೆಗೆ ರಮಳಾನಿನ ನೋಂಬೂ ಸೇರಿತು. ಅತ್ತಾಳಕ್ಕೆ ಎದ್ದು, ನೋಂಬು ಹಿಡಿದು, ಬಿಸಿಲಿಗೆ ನಡೆದು ಹೋಗಿ ಎರಡು ಗಂಟೆ ಬರೆದು ಬಂದ ಹನ್ನೆರಡು ವರ್ಷದ ಮಗುವಿಗೆ ಬಾಗಿಲಲ್ಲೇ 'ಎಷ್ಟು ಬರಬಹುದು?' ಎಂದು ಕೇಳುವವರನ್ನು ನೋಡಿದ್ದೇನೆ. ಮೊದಲು ಮುಖ ತೊಳೆದು ಸ್ವಲ್ಪ ಮಲಗಲಿಕ್ಕೆ ಬಿಡಿ ಮಾರಾಯರೇ.

ಇನ್ನು ಎಂಟನೆಯ ತರಗತಿಯ ವಿಷಯ. ಕೇರಳದಲ್ಲಿ 2024-25ರಿಂದ ಎಂಟನೆಯವರಿಗೆ ವಾರ್ಷಿಕ ಬರವಣಿಗೆ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಶೇಕಡ 30 ಕನಿಷ್ಠ ಅಂಕ ಬೇಕು ಎಂದಾಗಿದೆ. ಅದು ಬಾರದ ಮಕ್ಕಳಿಗೆ ಏಪ್ರಿಲ್‌ನಲ್ಲಿ ಶಾಲೆಯಲ್ಲೇ ಪ್ರತ್ಯೇಕ ತರಗತಿ, ಅದು ಮುಗಿದ ಮೇಲೆ ಮರುಪರೀಕ್ಷೆ. ಇದನ್ನು ನಮ್ಮಲ್ಲಿ ಕೆಲವರು ಮನೆಗೆ ಬಂದ ಅವಮಾನ ಎಂದು ತಿಳಿದಿದ್ದಾರೆ. ಮದುವೆ ಮನೆಯಲ್ಲಿ ಯಾರಾದರೂ ಕೇಳಿದರೆ ಮುಚ್ಚಿಡುತ್ತಾರೆ, ಮಗುವನ್ನು ತರಗತಿಗೆ ಕಳಿಸದೆ ಸಂಬಂಧಿಕರ ಮನೆಗೆ ಕಳಿಸುತ್ತಾರೆ. ನನಗೆ ಕೇಳಿದರೆ ಇಡೀ ವರ್ಷದಲ್ಲಿ ಆ ಮಗುವಿಗೆ ಸಿಗುವ ಒಳ್ಳೆಯ ಪಾಠ ಅದೇ. ಸಣ್ಣ ಗುಂಪು, ಬಾರದ ವಿಷಯ ಮಾತ್ರ, ಗೊತ್ತಿಲ್ಲ ಎಂದು ಹೇಳಲಿಕ್ಕೆ ನಾಚಿಕೆ ಇಲ್ಲ, ಏಕೆಂದರೆ ಪಕ್ಕದವನಿಗೂ ಗೊತ್ತಿಲ್ಲ. ಬುತ್ತಿ ಕಟ್ಟಿಕೊಟ್ಟು ದಿನವೂ ಕಳಿಸಿ. ಸಂಜೆ ಬಂದಾಗ 'ಇವತ್ತು ಹೊಸದಾಗಿ ಯಾವುದು ಅರ್ಥವಾಯಿತು?' ಎಂದು ಒಂದೇ ಪ್ರಶ್ನೆ ಕೇಳಿ.

ನಾನು ಹೇಳುವ ಕೆಲಸಕ್ಕೆ ಖರ್ಚಿಲ್ಲ. ಕಟ್ಟನ್ನು ಗುಜರಿಗೆ ಹಾಕುವ ಮೊದಲು ಒಂದು ರಾತ್ರಿ ಮಗುವನ್ನು ಕೂರಿಸಿಕೊಂಡು ಪುಸ್ತಕ ಬಿಡಿಸಿ. ಜೂನ್ ತಿಂಗಳ ಮೊದಲ ಪುಟ, ಮಾರ್ಚ್ ತಿಂಗಳ ಕೊನೆಯ ಪುಟ, ಎರಡನ್ನೂ ಪಕ್ಕಪಕ್ಕ ಇಡಿ. ಅಕ್ಷರ ಬದಲಾಗಿರುತ್ತದೆ. ಜೂನಿನಲ್ಲಿ ಎರಡು ಸಾಲು ಬರೆದವಳು ಮಾರ್ಚಿನಲ್ಲಿ ಅರ್ಧ ಪುಟ ಬರೆದಿರುತ್ತಾಳೆ. ಅದನ್ನು ಬೆರಳಿಟ್ಟು ತೋರಿಸಿ. 'ನೀನು ಬುದ್ಧಿವಂತೆ' ಎಂಬ ಮಾತು ಮಕ್ಕಳಿಗೆ ಒಂದು ದಿನಕ್ಕೆ ಸಾಕಾಗುತ್ತದೆ. 'ಜೂನಿನಲ್ಲಿ ನಿನಗೆ ದಶಮಾಂಶ ಬರುತ್ತಿರಲಿಲ್ಲ, ಇಲ್ಲಿ ನೋಡು, ಡಿಸೆಂಬರಿನಲ್ಲಿ ಆರೂ ಸರಿ ಮಾಡಿದ್ದಿ' ಎಂಬ ಮಾತನ್ನು ಮಗು ವರ್ಷಗಟ್ಟಲೆ ಮರೆಯುವುದಿಲ್ಲ, ಏಕೆಂದರೆ ಅದಕ್ಕೆ ಪುಟದ ಸಾಕ್ಷಿ ಇದೆ. ಒಂದೊಂದು ವಿಷಯದಿಂದ ಒಂದು ಪುಸ್ತಕ ಇಟ್ಟುಕೊಳ್ಳಿ, ಉಳಿದದ್ದು ಗುಜರಿಗೆ ಹೋಗಲಿ.

ಓದಲಿಕ್ಕೆ ಬಾರದ ಉಮ್ಮಂದಿರು ಏನು ಮಾಡಬೇಕು ಎಂದು ಕೇಳಬಹುದು. ನಿಜವಾಗಿ ಅವರಿಗೇ ಇದು ಹೆಚ್ಚು ಸುಲಭ. 'ಮೋನೆ, ಇದರಲ್ಲಿ ಏನು ಬರೆದಿದೆ, ನನಗೆ ಹೇಳು' ಎಂದರೆ ಸಾಕು. ತನಗಿಂತ ಹೆಚ್ಚು ಗೊತ್ತಿರುವವರ ಮುಂದೆ ಮಗು ಪಾಠ ಒಪ್ಪಿಸುತ್ತದೆ, ಗೊತ್ತಿಲ್ಲದವರ ಮುಂದೆ ಪಾಠ ಮಾಡುತ್ತದೆ. ಪಾಠ ಮಾಡುವವನಿಗೇ ಹೆಚ್ಚು ಅರ್ಥವಾಗುವುದು, ಯಾವ ಟೀಚರನ್ನು ಬೇಕಾದರೂ ಕೇಳಿ ನೋಡಿ. ಗಲ್ಫಿನಲ್ಲಿರುವ ಉಪ್ಪಂದಿರಿಗೂ ಇದೇ ಮಾತು. ಫಲಿತಾಂಶದ ದಿನ ವಿಡಿಯೋ ಕಾಲ್ ಮಾಡಿ 'ಎಷ್ಟು ಎ ಪ್ಲಸ್?' ಎಂದು ಕೇಳುವುದು ಹೇಗೂ ಇದೆ. ಅದಕ್ಕಿಂತ ಒಂದು ವಾರ ಮೊದಲು, 'ಈ ವರ್ಷ ನೀನು ಬರೆದದ್ದರಲ್ಲಿ ನಿನಗೆ ಚಂದ ಕಂಡ ಒಂದು ಪುಟದ ಫೋಟೋ ಕಳಿಸು ಮೋಲೆ' ಎಂದು ಹೇಳಿ. ರೂಮಿನಲ್ಲಿ ಇರುವ ನಾಲ್ಕು ಮಂದಿಗೆ ಅದನ್ನು ತೋರಿಸಿದೆ ಎಂದೂ ಹೇಳಿ.

ಇದು ಒಂದು ರಾತ್ರಿಯ ಕೆಲಸ. ಉಳಿದ ಎರಡು ತಿಂಗಳು?

ರಜೆಯಲ್ಲಿ ಮಕ್ಕಳನ್ನು ಕ್ಯಾಂಪಿಗೆ, ಕೋಚಿಂಗಿಗೆ ಹಾಕುವವರು ಹಾಕಲಿ. ನನಗೆ ನಂಬಿಕೆ ಇರುವುದು ಮನೆಯ ನಿಜವಾದ ಕೆಲಸದಲ್ಲಿ. ಅಂಗಡಿಯಲ್ಲಿ ತಕ್ಕಡಿ ಎತ್ತುವ ಮೊದಲು ಉಪ್ಪ ಪ್ರತಿ ಸಲ ಹೇಳುತ್ತಿದ್ದರು: ತಟ್ಟೆ ಖಾಲಿ ಇರುವಾಗ ಮುಳ್ಳು ನಡುವೆ ನಿಂತಿದೆಯಾ ನೋಡು, ಇಲ್ಲದಿದ್ದರೆ ಇಡೀ ದಿನ ತೂಗಿದ್ದೆಲ್ಲ ತಪ್ಪು, ಆಖಿರತ್ತಿನಲ್ಲಿ ಉತ್ತರ ಕೊಡಬೇಕು. ಮೆಕ್ಯಾನಿಕಲ್ ಡಿಪ್ಲೊಮಾದ ಮೊದಲ ವರ್ಷ ವರ್ನಿಯರ್ ಕ್ಯಾಲಿಪರ್ ಕೈಗೆ ಕೊಟ್ಟು, ಬಾಯಿ ಮುಚ್ಚಿದಾಗ ಸೊನ್ನೆ ಸೊನ್ನೆಗೆ ಕೂರದಿದ್ದರೆ ಅದು ಝೀರೋ ಎರರ್, ಅಳತೆಯಿಂದ ಅದನ್ನು ಕಳೆಯಬೇಕು ಎಂದು ಬೋರ್ಡಿನಲ್ಲಿ ಬರೆದರು. ನನ್ನ ಬೆಂಚಿನಲ್ಲಿ ಹಲವರು ಸೂತ್ರ ಬಾಯಿಪಾಠ ಮಾಡಿದರು. ನನಗೆ ಅದರ ಅಗತ್ಯ ಬೀಳಲಿಲ್ಲ, ಅದು ನಮ್ಮ ಅಂಗಡಿಯ ತಕ್ಕಡಿ. ಇಂಗ್ಲಿಷ್ ಪುಸ್ತಕದ ಮುಂದೆ ತಡವರಿಸುತ್ತಿದ್ದ ಕನ್ನಡ ಮೀಡಿಯಂ ಹುಡುಗನಿಗೆ ಆ ದಿನ ಸಿಕ್ಕಿದ ಧೈರ್ಯ ಯಾವ ಫ್ಲೆಕ್ಸಿನಿಂದಲೂ ಸಿಗುತ್ತಿರಲಿಲ್ಲ.

ಎಲ್ಲರಿಗೂ ಅಂಗಡಿ ಇರುವುದಿಲ್ಲ, ಆದರೆ ಎಲ್ಲರ ಮನೆಯ ಗೋಡೆಯಲ್ಲಿ ಕರೆಂಟಿನ ಮೀಟರ್ ಇದೆ. ಕೇರಳದ ವಿದ್ಯುತ್ ಬೋರ್ಡಿನ ಬಿಲ್ಲು ಮನೆಗಳಿಗೆ ಎರಡು ತಿಂಗಳಿಗೊಮ್ಮೆ ಬರುತ್ತದೆ. ತಿಂಗಳಿಗೆ 250 ಯೂನಿಟ್‌ವರೆಗೆ, ಅಂದರೆ ಬಿಲ್ಲಿನಲ್ಲಿ 500ರವರೆಗೆ, ಹಂತ ಹಂತವಾಗಿ ದರ ಏರುತ್ತದೆ. ಅದನ್ನು ದಾಟಿದರೆ ಮೊದಲ ಯೂನಿಟಿನಿಂದಲೇ ಎಲ್ಲಕ್ಕೂ ಒಂದೇ ಹೆಚ್ಚಿನ ದರ. ಎರಡು ಎ.ಸಿ. ಇರುವ ಮನೆ ಏಪ್ರಿಲ್, ಮೇ ತಿಂಗಳಲ್ಲಿ ಈ ಗೆರೆಯ ಆಚೆ ಈಚೆ ನಿಂತಿರುತ್ತದೆ. ಮೀಟರನ್ನು ಒಂಬತ್ತನೆಯ, ಹತ್ತನೆಯ ತರಗತಿಯ ಮಗುವಿನ ಕೈಗೆ ಒಪ್ಪಿಸಿ. ರಾತ್ರಿ ಮಲಗುವ ಮುಂಚೆ ಒಮ್ಮೆ, ಬೆಳಿಗ್ಗೆ ಒಮ್ಮೆ ಓದಿ ಬರೆಯಲಿ. ಸಾವಿರ ವಾಟಿನ ಇಸ್ತ್ರಿ ಪೆಟ್ಟಿಗೆ ಒಂದು ಗಂಟೆ ಉರಿದರೆ ಒಂದು ಯೂನಿಟ್, 75 ವಾಟಿನ ಫ್ಯಾನು ಹತ್ತು ಗಂಟೆ ತಿರುಗಿದರೆ ಮುಕ್ಕಾಲು ಯೂನಿಟ್ ಎಂದು ಅವನೇ ಹೇಳುತ್ತಾನೆ. 'ಉಮ್ಮ, ಇದೇ ರೀತಿ ಹೋದರೆ ಈ ಸಲ 500 ದಾಟುತ್ತದೆ' ಎಂದು ಒಂದು ದಿನ ಹೇಳಿದರೆ ಅವನ ಮಾತನ್ನು ಮನೆ ಕೇಳಬೇಕು, ಕೇಳಿ ಎ.ಸಿ. ಒಂದು ಗಂಟೆ ಮೊದಲು ಆಫ್ ಆಗಬೇಕು. ಕೇಳದಿದ್ದರೆ ಇದೂ ಮತ್ತೊಂದು ಹೋಂವರ್ಕ್ ಆಗಿ ಹೋಗುತ್ತದೆ.

ಗೇರುಬೀಜ ಹೆಕ್ಕುವ ಮನೆಗಳಲ್ಲಿ ಇನ್ನೂ ಚಂದದ ಲೆಕ್ಕ ಇದೆ. ಹಸಿ ಬೀಜ ಒಂದು ಕಿಲೋ ತೂಗಿ ಬಿಸಿಲಿಗೆ ಹಾಕಲಿ. ಮೂರು ದಿನ ಕಳೆದು ಮತ್ತೆ ತೂಗಲಿ. ಶೇಕಡ ಎಷ್ಟು ಇಳಿಯಿತು, ಒಣಗಿಸದೆ ಕೊಟ್ಟರೆ ಲಾಭವೋ ಒಣಗಿಸಿ ಕೊಟ್ಟರೆ ಲಾಭವೋ? ಅಂಗಡಿಯವರ ಹತ್ತಿರ ದರ ಕೇಳುವ ಕೆಲಸವನ್ನೂ ಮಗುವಿಗೇ ಬಿಡಿ. ಅಂಗಡಿಯವರ ಮಗನಾಗಿ ಹೇಳುತ್ತೇನೆ, ಲೆಕ್ಕ ಮಾಡಿಕೊಂಡು ಬಂದ ಮಗುವಿಗೆ ಯಾವ ಅಂಗಡಿಯವರೂ ಕಡಿಮೆ ಕೊಡಲಾರರು.

ಇಲ್ಲಿ ಭಾಷೆಯ ವಿಷಯ ಬರುತ್ತದೆ, ನನಗೆ ಹೆಚ್ಚು ಚಿಂತೆ ಇರುವುದೂ ಅದರಲ್ಲೇ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಇಲ್ಲಿಯ ಕನ್ನಡ ಶಾಲೆಗಳು ಉಳಿದವು, ಕೇರಳ ಸರಕಾರವೇ ಕನ್ನಡದಲ್ಲಿ ಪಾಠಪುಸ್ತಕ ಅಚ್ಚು ಹಾಕುತ್ತದೆ. ಆದರೂ ನಮ್ಮ ಮನೆಗಳಲ್ಲಿ ಈಗ ಮಕ್ಕಳು ಇಂಗ್ಲಿಷ್ ಅಥವಾ ಮಲಯಾಳಂ ಮೀಡಿಯಂ. ಅದಕ್ಕೆ ಕಾರಣ ಇದೆ, ದೂರುವುದಿಲ್ಲ. ಕಚೇರಿಯ ಕಾಗದ ಮಲಯಾಳಂನಲ್ಲಿ ಬರುತ್ತದೆ, ಕೆಲಸದ ಸಂದರ್ಶನ ಇಂಗ್ಲಿಷಿನಲ್ಲಿ ನಡೆಯುತ್ತದೆ. ಆದರೆ ನಮ್ಮ ಬ್ಯಾರಿ ಭಾಷೆಯನ್ನು ನಾವು ಬರೆಯುವುದು ಯಾವ ಅಕ್ಷರದಲ್ಲಿ? ಕತೆ, ಕವಿತೆ, ನಿಘಂಟು, ಈ ಪುಟದಲ್ಲಿ ಬರುವ ಬ್ಯಾರಿ ಬರಹ ಎಲ್ಲವೂ ಕನ್ನಡ ಅಕ್ಷರದಲ್ಲಿ. ಕನ್ನಡ ಅಕ್ಷರ ಬಾರದ ಬ್ಯಾರಿ ಮಗು ತನ್ನ ಉಮ್ಮನ ಮಾತನ್ನು ಆಡಬಲ್ಲದು, ಓದಲಾರದು. ಶಾಲೆಯಲ್ಲಿ ಕಲಿಸದಿದ್ದರೆ ರಜೆಯಲ್ಲಿ ಕಲಿಸಬೇಕು. ಎರಡು ತಿಂಗಳು, ದಿನಕ್ಕೆ ಇಪ್ಪತ್ತು ನಿಮಿಷ ಧಾರಾಳ ಸಾಕು.

ಹೇಗೆ ಎಂದರೆ, ಅಡುಗೆ ಮನೆಯಿಂದಲೇ ಸುರು ಮಾಡಬಹುದು. ನೆಯ್ಯಪ್ಪಕ್ಕೆ ಎಷ್ಟು ಅಕ್ಕಿ, ಎಷ್ಟು ಬೆಲ್ಲ, ಪತ್ತಿರಿಯ ಹಿಟ್ಟು ಹೇಗೆ ಬೇಯಿಸಬೇಕು ಎಂದು ಮನೆಯ ಹಿರಿಯ ಹೆಂಗಸರು ಹೇಳಲಿ, ಮಗು ಬ್ಯಾರಿಯಲ್ಲೇ, ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಲಿ. 'ಒಂದು ಹಿಡಿ', 'ಕೈಗೆ ಅಂಟದಷ್ಟು' ಎಂಬ ಅಳತೆಗೆಲ್ಲ ಗ್ರಾಮ್ ಎಷ್ಟು ಎಂದು ತೂಗಿ ಪಕ್ಕದಲ್ಲಿ ಬರೆದರೆ ಅದು ಗಣಿತವೂ ಆಯಿತು. ಬ್ಯಾರಿಯ ಉಚ್ಚಾರವನ್ನು ಎಲ್ಲಿ ಹೇಗೆ ಬರೆಯುವುದು ಎಂಬ ಜಗಳ ಖಂಡಿತ ಬರುತ್ತದೆ. ಬರಲಿ, ಅದೇ ಮಜಾ.

ಒಂದು ದಿನ ಹೊರಗೆ ಕರೆದುಕೊಂಡು ಹೋಗುವುದಿದ್ದರೆ ಮಾಲ್‌ಗೆ ಮಂಗಳೂರು ತನಕ ಹೋಗುವವರು ದಾರಿಯಲ್ಲಿ ಮಂಜೇಶ್ವರದಲ್ಲಿ ಇಳಿಯಬಹುದು. ಗೋವಿಂದ ಪೈಗಳ ಮನೆ ಅಲ್ಲಿದೆ. 1949ರಲ್ಲಿ ಮದರಾಸು ಸರಕಾರ ರಾಷ್ಟ್ರಕವಿ ಎಂದು ಗೌರವಿಸಿದ ಕವಿ. ನಮ್ಮ ಎಷ್ಟು ಮಕ್ಕಳು ಆ ಹೆಸರಿನ ಕಾಲೇಜಿನ ಮುಂದೆ ಬಸ್ಸಿನಲ್ಲಿ ಹೋಗುತ್ತಾರೆ, ಎಷ್ಟು ಮಂದಿ ಆ ಮನೆಯ ಅಂಗಳ ನೋಡಿದ್ದಾರೆ?

ಹೆಣ್ಣುಮಕ್ಕಳ ಮನೆಯವರಿಗೆ ಮತ್ತೊಂದು ಹೆಸರು ನೆನಪು ಮಾಡಬೇಕು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್. ನಮ್ಮ ಕಡೆಯ ಮುಸ್ಲಿಂ ಮನೆಗಳಲ್ಲಿ ಹೆಣ್ಣುಮಕ್ಕಳು ಹೈಸ್ಕೂಲು ಕಾಣದ ಕಾಲದಲ್ಲಿ ವಕೀಲರಾಗಿದ್ದ ಅವರ ತಂದೆ ಮಗಳನ್ನು ಕನ್ನಡ ಶಾಲೆಗೆ ಕಳಿಸಿ ಓದಿಸಿದರು. ಶಾಲೆ ಮುಗಿದ ಮೇಲೆ ಮದುವೆ, ಮನೆ, ಮಕ್ಕಳು. ಆದರೂ ನಲವತ್ತು ದಾಟಿದ ಮೇಲೆ ಅವರು 'ಚಂದ್ರಗಿರಿಯ ತೀರದಲ್ಲಿ' ಬರೆದರು, ಆ ಶಾಲೆಯಲ್ಲಿ ಕಲಿತ ಕನ್ನಡದಲ್ಲೇ. ಇವತ್ತು ನಮ್ಮಲ್ಲಿ ಓದುವುದು ಹೆಚ್ಚು ಹುಡುಗಿಯರು. ಫ್ಲೆಕ್ಸಿನಲ್ಲಿ ಎಣಿಸಿ ನೋಡಿ. ಆದರೆ ಪ್ಲಸ್ ಟು ಮುಗಿದ ಆ ಏಪ್ರಿಲ್ ತಿಂಗಳಲ್ಲೇ ಮನೆಗೆ ಮದುವೆಯ ಪ್ರಸ್ತಾಪ ಬರುತ್ತದೆ, ಪ್ರವೇಶದ ಅರ್ಜಿ ಹಾಕುವ ಕೊನೆಯ ದಿನ ಮಾತುಕತೆಯ ನಡುವೆ ದಾಟಿ ಹೋಗುತ್ತದೆ. 'ಆಮೇಲೆ ಓದಬಹುದು' ಎಂಬ ಮಾತು ಎಷ್ಟು ಮನೆಗಳಲ್ಲಿ ನಡೆದಿದೆ ಎಂದು ನಮಗೆಲ್ಲ ಗೊತ್ತು. ಪ್ರಸ್ತಾಪ ಬಂದವರು ಕಾಯಬಹುದು, ಅರ್ಜಿಯ ದಿನಾಂಕ ಕಾಯುವುದಿಲ್ಲ. ಅರ್ಜಿಯನ್ನು ಮೊದಲು ಹಾಕಿ.

ಹುಡುಗರ ಕತೆ ಬೇರೆ. ಸಿ ಪ್ಲಸ್, ಡಿ ಪ್ಲಸ್ ಬಂದ ಹುಡುಗನಿಗೆ 'ಇನ್ನು ಅಂಗಡಿಯಲ್ಲಿ ಕೂತುಕೋ' ಎನ್ನುವುದು ನಮ್ಮ ಜನರ ರೂಢಿ. ಅಂಗಡಿಯಲ್ಲಿ ಕೂರುವುದು ಕೀಳು ಅಲ್ಲ, ನನ್ನ ಅನ್ನ ಅದರಿಂದಲೇ ಬಂದದ್ದು. ಆದರೆ ಅಂಗಡಿಯನ್ನು ಶಿಕ್ಷೆ ಎಂದು ಕೊಟ್ಟರೆ ಅವನಿಗೆ ಓದೂ ಹೋಯಿತು, ಅಂಗಡಿಯೂ ಹೋಯಿತು. ಡಿ ಪ್ಲಸ್ ಎಂದರೂ ಮುಂದಕ್ಕೆ ಓದುವ ಅರ್ಹತೆ ಇದೆ ಎಂದೇ ಅರ್ಥ. ಪ್ಲಸ್ ಒನ್‌ನಲ್ಲಿ ಬೇಕಾದ ವಿಷಯ ಸಿಗದಿದ್ದರೆ ಐ.ಟಿ.ಐ. ಇದೆ, ಮೂರು ವರ್ಷದ ಡಿಪ್ಲೊಮಾ ಇದೆ, ಡಿಪ್ಲೊಮಾ ಮುಗಿಸಿದವರಿಗೆ ಇಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ನೇರ ಸೇರುವ ದಾರಿ ಇದೆ. ರಜೆಯಲ್ಲಿ ಒಂದು ದಿನ ಹುಡುಗನನ್ನು ಪರಿಚಯದ ವರ್ಕ್‌ಶಾಪಿಗೋ, ವಯರಿಂಗ್ ಕೆಲಸದವರ ಜೊತೆಗೋ ಕಳಿಸಿ ನೋಡಿ. ಯಾವ ಕೆಲಸದಲ್ಲಿ ಅವನು ಊಟದ ಹೊತ್ತು ಮರೆಯುತ್ತಾನೆ ಎಂಬುದು ಗ್ರೇಡ್ ಕಾರ್ಡಿನಲ್ಲಿ ಬರೆದಿರುವುದಿಲ್ಲ.

ಬಹುಮಾನದ ಬಗ್ಗೆ ಒಂದು ಮಾತು. ಒಳ್ಳೆಯ ಗ್ರೇಡ್ ಬಂದರೆ ಸ್ಕೂಟರ್ ಎಂದು ಹದಿನೈದು, ಹದಿನಾರು ವರ್ಷದವರಿಗೆ ಮಾತು ಕೊಡುವ ಉಪ್ಪಂದಿರು, ಮಾವಂದಿರು ಇದ್ದಾರೆ. ಲೈಸೆನ್ಸ್ ಇಲ್ಲದ ಮಗು ಗಾಡಿ ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ ಮನೆಯವರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ನಮ್ಮ ಹೆದ್ದಾರಿಯಲ್ಲಿ ದಂಡದಲ್ಲೇ ಮುಗಿದರೆ ಪುಣ್ಯ. ಕೊಡಲೇಬೇಕು ಎಂದಿದ್ದರೆ ಒಂದು ಟೂಲ್ ಬಾಕ್ಸ್ ಕೊಡಿ, ಹೊಲಿಗೆ ಮೆಷಿನ್ ಕೊಡಿ, ಪುಸ್ತಕ ಕೊಡಿ, ಒಳ್ಳೆಯ ಫುಟ್‌ಬಾಲ್ ಕೊಡಿ. ಗ್ರೇಡ್ ಬರುವ ಮೊದಲೇ ಕೊಡಿ. ಫಲಿತಾಂಶದ ನಂತರ ಕೊಟ್ಟದ್ದು ಕೂಲಿಯಾಗುತ್ತದೆ.

ಇದಕ್ಕೆಲ್ಲ ಸಮಯ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ ಎಂದು ಗೊತ್ತು. ಅಂಗಡಿ ಮುಚ್ಚುವಾಗ ರಾತ್ರಿ ಹತ್ತು, ಮೀನಿನ ಗಾಡಿಯವರು ಬೆಳಿಗ್ಗೆ ನಾಲ್ಕಕ್ಕೆ ಏಳಬೇಕು, ಗಲ್ಫಿನಲ್ಲಿರುವವರಿಗೆ ಶುಕ್ರವಾರ ಮಾತ್ರ ಬಿಡುವು. ನಾನು ಕೇಳುತ್ತಿರುವುದು ದಿನವೂ ಅಲ್ಲ. ಪುಸ್ತಕದ ಕಟ್ಟಿಗೆ ಒಂದು ರಾತ್ರಿ. ಮೀಟರಿಗೆ ಮಗುವಿನ ಎರಡು ನಿಮಿಷ, ನಿಮ್ಮ ಅರ್ಧ ನಿಮಿಷ. ಶುಕ್ರವಾರ ಜುಮಾ ಕಳೆದು ಊಟಕ್ಕೆ ಕೂತಾಗ ಅಡುಗೆಯ ಪುಸ್ತಕದಿಂದ ಮಗು ಒಂದು ಪುಟ ಗಟ್ಟಿಯಾಗಿ ಓದಲಿ. ಬೆಲ್ಲದ ಅಳತೆ ತಪ್ಪಿದ್ದರೆ ಉಮ್ಮ ಅಲ್ಲೇ ಸರಿ ಮಾಡುತ್ತಾರೆ.